ಕಳೆದಾಗ ಹೇಳುವ ಹೆಸರು

ಭಾಲ್ಕಿ
19 ಅಕ್ಟೋಬರ್ 2024

ಅಳಿಯಂದಿರಾದ ಮಚ್ಛೇಂದ್ರ ಅವರಿಗೆ ಅತ್ತೆ ಹನ್ನಾಳ ವಂದನೆಗಳು.

ನೀವು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿನ ಜೂ ನೋಡಲು ಹೋಗಿ ಬಂದು ನಾಲ್ಕು ದಿನವಾಯಿತು. ಹುಲಿ ಹೇಗಿತ್ತು, ಆನೆ ಎಷ್ಟಿತ್ತು ಎಂದು ಒಂದು ಸುದ್ದಿಯೂ ಇಲ್ಲ. ಶರೋನಳಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಆಮ್ಯಾಲ ಮಾತಾಡ್ತೇನವ್ವಾ" ಅಂದಳು. ಆ ಆಮೇಲೆ ಇನ್ನೂ ಬಂದಿಲ್ಲ. ಮಗಳ ದನಿಯಾದರೆ ಒಂದೆರಡು ಮಾತು ಹಿಡಿಯುತ್ತೇನೆ, ನಿಮಗೇ ಫೋನ್ ಮಾಡೋಣವೆಂದರೆ ನನ್ನ ಕಿವಿ ನಿಮಗೆ ಗೊತ್ತೇ ಇದೆ. ಎದುರಿಗೆ ಕೂತರೆ ತುಟಿ ನೋಡಿ ತಿಳಿಯುತ್ತೇನೆ, ಫೋನಿನಲ್ಲಾದರೆ ಹಿಟ್ಟಿನ ಗಿರಣಿಯ ಸದ್ದು. ಹಾಗಾಗಿ ಹಳೆಯ ಪದ್ಧತಿಯೇ ಸರಿ ಎಂದು ನಿಮ್ಮ ಔರಾದಿನ ಸಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಬೀದರದ ಮನೆಗೆ ಬರೆದರೆ ಶೈನಿ ಒಡೆದು, ಓದಿ, ಅದರ ಹಿಂದೆ ಜಿರಾಫೆಯ ಚಿತ್ರವನ್ನೂ ಬರೆದುಬಿಡುತ್ತಾಳೆ.

ಜಿರಾಫೆ ಎತ್ತರವೋ ನಮ್ಮ ದೇವಾಲಯದ ಗಂಟೆಗೋಪುರ ಎತ್ತರವೋ ಎಂದು ನೋಡಿಕೊಂಡು ಬಂದು ಹೇಳುತ್ತೇನೆ ಎಂದು ಅವಳು ನನಗೆ ಮಾತು ಕೊಟ್ಟಿದ್ದಾಳೆ. ಸಣ್ಣವನಂತೂ ನೀರಾನೆಯ ಬಾಯಲ್ಲಿ ಎಷ್ಟು ಹಲ್ಲಿವೆ ಎಂದು ಎಣಿಸುವವನಿದ್ದ. ನಾನು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಮುಗಿದವೋ ಇಲ್ಲವೋ? ಉಳಿದಿದ್ದರೆ ನಿಮ್ಮ ತಾಯಿ ಮೀರಾಬಾಯಿಯವರಿಗೆ ಕೊಡಿ, ಅವರಿಗೆ ಮೆತ್ತಗಿನದು ಸೇರುತ್ತದೆ.

ಯಾರಿಗೂ ಮೈಯಲ್ಲಿ ಹುಷಾರಿಲ್ಲದೆ ಇಲ್ಲ ತಾನೆ? ಎರಡು ಸಾಲು ಬರೆಯಿರಿ, ಸಾಕು.

ನಿಮ್ಮ ಅತ್ತೆ,
ಹನ್ನಾ


ಔರಾದ
28 ಅಕ್ಟೋಬರ್ 2024

ಹನ್ನಾ ಅವರಿಗೆ ಜೈ ಭೀಮ್.

ಎರಡು ಸಾಲಿನಲ್ಲಿ ಆಗುವುದಿಲ್ಲ.

ಅಂದು ಬೆಳಗಿನ ಗಾಡಿಗೆ ಹೋದೆವು. ಹನ್ನೆರಡರವರೆಗೆ ಎಲ್ಲವೂ ಚೆನ್ನಾಗಿತ್ತು. ನೀರಾನೆ ಒಮ್ಮೆ ಬಾಯಿ ತೆರೆದದ್ದಕ್ಕೆ ಮಗ ಅರ್ಧ ಗಂಟೆ ಅಲ್ಲಿಂದ ಅಲುಗಲಿಲ್ಲ. ಹುಲ್ಲಿನ ಮೇಲೆ ಕೂತು ನಿಮ್ಮ ಹೋಳಿಗೆ ತಿಂದೆವು. ಆಮೇಲೆ ಮಕ್ಕಳ ರೈಲು ಹತ್ತಬೇಕೆಂದು ಇಬ್ಬರೂ ಹಟ ಹಿಡಿದರು. ಶರೋನ ಶೈನಿಯನ್ನು ಕರೆದುಕೊಂಡು ಶೌಚಾಲಯಕ್ಕೆ ಹೋದಳು. ನಾನು ಮಗನೊಂದಿಗೆ ಟಿಕೀಟಿನ ಸಾಲಿನಲ್ಲಿ ನಿಂತೆ. "ನನ್ನ ಅಂಗಿ ಚುಂಗ ಹಿಡ್ಕೊಂಡು ನಿಂದ್ರು, ಬಿಡಬ್ಯಾಡ" ಎಂದು ಹೇಳಿದ್ದೆ. ಟಿಕೀಟು ತೆಗೆದುಕೊಂಡು ತಿರುಗಿದರೆ ಚುಂಗಿನಲ್ಲಿ ಕೈ ಇರಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಹುಡುಕಿದೆವು. ಶರೋನ ಗೇಟಿನ ಕಡೆ, ನಾನು ಆನೆಗಳ ಕಡೆ. ನಡುವೆ ಮೈಕಿನಲ್ಲಿ ಕೂಗಿದರು. ಎಬನೇಜರ ಎಂಬ ಮಗು ಸಿಕ್ಕಿದೆ, ಹೆತ್ತವರು ಬಂದು ಕರೆದುಕೊಂಡು ಹೋಗಬೇಕು ಎಂದು. ಯಾರದೋ ಮಗು ಎಂದುಕೊಂಡೆ. ಮತ್ತೊಮ್ಮೆ ಕೂಗಿದರು. ಗೇಟಿನ ಗದ್ದಲದಲ್ಲಿ ಅದು ಕೇಳಿಸದ ಶರೋನ ಮೂರನೆಯ ಸಲ ಕೂಗುವಾಗ ನನ್ನ ಬಳಿಗೆ ಬಂದಿದ್ದಳು. ಅವಳ ಮುಖ ನೋಡಿದೆ. "ಅದು ನಮ್ಮಪ್ಪನ ಹೆಸರದರಿ" ಎಂದವಳೇ ಓಡಿದಳು.

ಆ ಕೋಣೆಯಲ್ಲಿ ಖುರ್ಷಿದ ಬೇಗಂ ಎಂಬ ಕಸ ಗುಡಿಸುವ ಹೆಂಗಸಿನ ತೊಡೆಯ ಮೇಲೆ ಅವನಿದ್ದ. ಚಡ್ಡಿ ಒದ್ದೆಯಾಗಿತ್ತು. ಅತ್ತೂ ಅತ್ತೂ ದನಿ ಹೋಗಿತ್ತು. ಆಕೆ ಎಷ್ಟು ಸಲ ಹೆಸರು ಕೇಳಿದರೂ ಒಂದೇ ಹೆಸರು ಹೇಳಿದನಂತೆ. ನಾನು ನನ್ನ ಮಗನ ಹೆಸರು ರತ್ನದೀಪ ಎಂದೆ. ಅಲ್ಲಿದ್ದ ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಡುಗ ಬೇರೆ ಹೆಸರು ಹೇಳುತ್ತಿದ್ದಾನೆ, ಆಧಾರ ತೋರಿಸಿ ಎಂದ. ಅವನ ಕೆಲಸ ಅವನು ಮಾಡಿದ. ಆದರೆ ನನ್ನ ಮಗ ನನ್ನವನೆಂದು ನಾನು ಫೋಟೋ ತೆಗೆದು ಸಾಬೀತು ಮಾಡಬೇಕಾಯಿತು.

ಮದುವೆಗೆ ಮುಂಚೆ ಎರಡೂ ಮನೆಯವರು ಕೂತು ಬರೆದ ಕಾಗದ ನಿಮ್ಮ ಟ್ರಂಕಿನಲ್ಲಿದೆ. ಮೊದಲ ಮಗುವಿಗೆ ನಿಮ್ಮ ಕಡೆಯ ಹೆಸರು, ಎರಡನೆಯದಕ್ಕೆ ನಮ್ಮ ಕಡೆಯದು. ಹದಿನೆಂಟು ತುಂಬುವ ತನಕ ನಿಮ್ಮ ಸಭೆಯ ದೀಕ್ಷಾಸ್ನಾನವೂ ಇಲ್ಲ, ನಮ್ಮ ಬೌದ್ಧ ಧಮ್ಮದೀಕ್ಷೆಯೂ ಇಲ್ಲ. ಕೆಳಗೆ ನನ್ನ ತಾಯಿಯ ಹೆಬ್ಬೆಟ್ಟು, ನಿಮ್ಮ ಸಹಿ. ನಿಮ್ಮ ಪತ್ರದಲ್ಲಿ ನೀವು ಅವನನ್ನು 'ಸಣ್ಣವ' ಎಂದು ಬರೆದಿದ್ದೀರಿ. ನಾಲ್ಕೂವರೆ ವರ್ಷದಲ್ಲಿ ನಿಮ್ಮ ಬಾಯಿಂದ ಅವನ ಹೆಸರು ಕೇಳಿದ ನೆನಪು ನನಗಿಲ್ಲ. ಇಷ್ಟು ದಿನ ಅದು ಮುದ್ದು ಎಂದುಕೊಂಡಿದ್ದೆ.

ಆ ಹೆಸರನ್ನು ಅವನಿಗೆ ಯಾರು ಕಲಿಸಿದರು, ಯಾಕೆ ಕಲಿಸಿದರು, ಬರೆಯಿರಿ.

ಮಚ್ಛೇಂದ್ರ


ಭಾಲ್ಕಿ
4 ನವೆಂಬರ್ 2024

ಮಚ್ಛೇಂದ್ರ ಅವರಿಗೆ,

ನಿಮ್ಮ ಪತ್ರ ಓದಿ ಒಂದು ದಿನ ಒಲೆ ಹಚ್ಚಲಿಲ್ಲ. ಮಗು ಒಂದು ಗಂಟೆ ಹತ್ತು ನಿಮಿಷ ಕಳೆದುಹೋಗಿತ್ತು ಎಂಬಲ್ಲಿಗೆ ಬಂದಾಗಲೆಲ್ಲ ಪತ್ರ ಕೆಳಗಿಡುತ್ತಿದ್ದೆ.

ಕಲಿಸಿದವಳು ನಾನೇ. ಸುಳ್ಳು ಹೇಳುವ ವಯಸ್ಸು ನನ್ನದಲ್ಲ. ಹೋದ ಬೇಸಿಗೆ ರಜೆಯಲ್ಲಿ ಇಲ್ಲಿ ಗಾಂಧಿಚೌಕದ ಗದ್ದಲದಲ್ಲಿ ನನ್ನ ಕೈ ಬಿಡಿಸಿಕೊಂಡು ಓಡಿದ್ದ. ಬಾಳೆಹಣ್ಣಿನ ಬಂಡಿಯ ಕೆಳಗೆ ಸಿಕ್ಕ. ಅಂದೇ ಕೂಡಿಸಿ ಪಾಠ ಮಾಡಿದೆ. "ಕಳದು ಹೋದ್ರ ಅಳಬ್ಯಾಡ. ಯಾರರೆ ಕೇಳಿದ್ರ ನಾ ಎಬನೇಜರ, ನಮ್ಮೂರು ಬೀದರ ಅಂತ ಹೇಳು" ಎಂದು. ಈ ಊರಲ್ಲಿ ಎಬನೇಜರ ಮಾಸ್ತರರ ಕೈಯಲ್ಲಿ ಏಟು ತಿನ್ನದ ಮನೆಯಿಲ್ಲ. ಆ ಹೆಸರು ಕೇಳಿದರೆ ಯಾರಾದರೂ ನನ್ನ ಬಾಗಿಲಿಗೆ ತಂದು ಬಿಡುತ್ತಾರೆ ಎಂಬುದು ನನ್ನ ಬುದ್ಧಿ. ಹೈದರಾಬಾದಿನಲ್ಲಿ ನಮ್ಮ ಮಾಸ್ತರರನ್ನು ಯಾರು ಬಲ್ಲರು ಎಂಬುದು ಹೊಳೆಯಲಿಲ್ಲ.

ಇದು ಅರ್ಧ ಸತ್ಯ. ಇನ್ನರ್ಧ ಬರೆಯದಿದ್ದರೆ ಈ ಪತ್ರಕ್ಕೆ ಸಹಿ ಹಾಕಲಾರೆ.

ಅವನು ಏಳು ತಿಂಗಳಿಗೇ ಹುಟ್ಟಿದ್ದು ನಿಮಗೆ ನೆನಪಿದೆ. ಲಾಕ್‌ಡೌನ್ ದಿನಗಳು. ನಿಮ್ಮನ್ನು ಔರಾದಿನ ಆಚೆ ಗಡಿಯ ಚೆಕ್‌ಪೋಸ್ಟಿನ ಡ್ಯೂಟಿಗೆ ಹಾಕಿದ್ದರು, ಎರಡು ದಿನ ಬರಲು ಬಿಡಲಿಲ್ಲ. ಶರೋನ ಬೇರೆ ವಾರ್ಡಿನಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ನಾನು ನಿವೃತ್ತ ನರ್ಸ್ ಎಂದು ಒಳಗೆ ಬಿಟ್ಟರು. ಗಾಜಿನ ಪೆಟ್ಟಿಗೆಯಲ್ಲಿ ಮುಷ್ಟಿಯಷ್ಟು ಕೂಸು. ಮಧ್ಯಾಹ್ನ ಡಾಕ್ಟರು ಬಂದು, "ಅಮ್ಮ, ನಿಮಗ ಗೊತ್ತದ, ಮತ್ತ ನಾ ಏನು ಹೇಳ್ಲಿ" ಎಂದು ಹೋದರು. ನನಗೆ ಗೊತ್ತಿತ್ತು. ಮೂವತ್ತೆರಡು ವರ್ಷ ಅಂಥ ಉಸಿರುಗಳನ್ನು ನೋಡಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆರಿಗೆ ವಾರ್ಡಿನ ಹಳೆಯ ಸಿಸ್ಟರ್ ಒಬ್ಬರು ನಮಗೆ ಹೇಳಿಕೊಟ್ಟಿದ್ದರು. ಉಳಿಯದ ಕೂಸಿದ್ದರೆ ಪಾದ್ರಿಗಾಗಿ ಕಾಯಬೇಡಿ. ಹಣೆಗೆ ಮೂರು ಹನಿ ನೀರು, ಒಂದು ಹೆಸರು. "ಹೆಸರಿಲ್ದಾಂಗ ಯಾರೂ ಹೋಗಬಾರದು" ಅನ್ನುತ್ತಿದ್ದರು. ಹಾಗೆ ಎಷ್ಟೋ ಕೂಸುಗಳಿಗೆ ನನ್ನ ಕೈಯಾರೆ ಮಾಡಿದ್ದೇನೆ. ಒಂದೂ ಉಳಿಯಲಿಲ್ಲ. ಅಂದೂ ಸ್ಟೀಲಿನ ಲೋಟದ ನೀರು ತೆಗೆದುಕೊಂಡೆ. ನೀವಿಬ್ಬರೂ ಇನ್ನೂ ಹೆಸರಿಟ್ಟಿರಲಿಲ್ಲ. ಬಾಯಿಗೆ ಬಂದದ್ದು ತೀರಿಹೋದ ನನ್ನ ಯಜಮಾನರ ಹೆಸರು.

ಆಮೇಲೆ ಕೂಸು ಉಳಿಯಿತು. ಉಳಿದ ಕೂಸಿನಿಂದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಆ ಸಿಸ್ಟರ್ ನನಗೆ ಕಲಿಸಿರಲಿಲ್ಲ. ನೀವು ರತ್ನದೀಪ ಎಂದು ಇಟ್ಟಾಗ ಬಾಯಿ ಮುಚ್ಚಿಕೊಂಡೆ. ಯಾರೂ ಇಲ್ಲದಾಗ ಮಾತ್ರ ಆ ಹೆಸರಿನಿಂದ ಕರೆಯುತ್ತಿದ್ದೆ, ಅವನು ನಗುತ್ತಿದ್ದ. ಶರೋನಳಿಗೆ ಏನೂ ಗೊತ್ತಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಬೇಡಿ.

ಒಂದು ಮಾತು ಮಾತ್ರ ನನಗೆ ಬಗೆಹರಿಯುತ್ತಿಲ್ಲ. ಮೈಕಿನಲ್ಲಿ ಬರೀ ಹೆಸರು ಕೂಗಿದರೇ? ಊರನ್ನೂ ನಾನು ಹೇಳಿಕೊಟ್ಟಿದ್ದೆ. ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಬೀದರ ಎಂದಿದ್ದರೆ ನಿಮಗೆ ಕೂಡಲೇ ತಿಳಿಯುತ್ತಿತ್ತಲ್ಲ?

ತಪ್ಪು ನನ್ನದು. ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ಹನ್ನಾ


ಔರಾದ
12 ಡಿಸೆಂಬರ್ 2024

ಹನ್ನಾ ಅವರಿಗೆ ಜೈ ಭೀಮ್.

ತಡವಾಗಿ ಬರೆಯುತ್ತಿದ್ದೇನೆ. ಬೇಗ ಬರೆದಿದ್ದರೆ ಬರೆಯಬಾರದ್ದನ್ನು ಬರೆಯುತ್ತಿದ್ದೆ.

ನನ್ನ ಮುತ್ತಜ್ಜನಿಗೆ ಒಂದು ಹೆಸರಿತ್ತು, ಆದರೆ ಊರಿನ ಒಬ್ಬರೂ ಅದನ್ನು ಹಿಡಿದು ಕರೆಯಲಿಲ್ಲ. ಜಾತಿ ಹಿಡಿದು ಕರೆದರು, ಇಲ್ಲವೆ ಏ ಎಂದರು. ಈಗ ನಮ್ಮ ಮನೆಯ ಯಾರಿಗೂ ಆ ಹೆಸರು ನೆನಪಿಲ್ಲ. ಅದಕ್ಕೇ ನಮ್ಮಲ್ಲಿ ಹೆಸರಿಡುವುದು ದೊಡ್ಡ ಕೆಲಸ. ನನ್ನ ಮಗನ ಹೆಸರನ್ನು ಅವ್ವ ಎರಡು ತಿಂಗಳು ಯೋಚಿಸಿ ಇಟ್ಟಳು. ಅದರ ಕೆಳಗೆ ಮೊದಲೇ ಇನ್ನೊಂದು ಹೆಸರಿತ್ತು ಎಂದು ಅವಳಿಗೆ ನಾನು ಇಂದಿಗೂ ಹೇಳಿಲ್ಲ.

ನೀವು ಕೂಸಿನ ಮೇಲಿನ ಪ್ರೀತಿಯಿಂದ ಮಾಡಿದಿರಿ ಎಂಬುದನ್ನು ನಂಬುತ್ತೇನೆ. ಪ್ರೀತಿಯಿಂದ ಮಾಡಿದ್ದಕ್ಕೂ ಬೆಲೆ ತೆರಬೇಕಾಗುತ್ತದೆ. ಈ ಸಲ ಕ್ರಿಸ್‌ಮಸ್‌ಗೆ ಮಕ್ಕಳನ್ನು ಭಾಲ್ಕಿಗೆ ಕಳಿಸುವುದಿಲ್ಲ. ಶರೋನ ಬರುವುದು ಬಿಡುವುದು ಅವಳ ಇಷ್ಟ.

ಮಚ್ಛೇಂದ್ರ


ಭಾಲ್ಕಿ
30 ಡಿಸೆಂಬರ್ 2024

ಮಚ್ಛೇಂದ್ರ ಅವರಿಗೆ,

ಶರೋನ ಬಂದಿದ್ದಳು, ಒಬ್ಬಳೇ. ಬೆಳಿಗ್ಗೆ ಹತ್ತರ ಬಸ್ಸಿಗೆ ಬಂದು ನಾಲ್ಕರ ಬಸ್ಸಿಗೆ ಹೋದಳು. ದೇವಾಲಯಕ್ಕೆ ಬರಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ನನ್ನ ಮುಖ ನೋಡದೆ ಮಾತಾಡಿದಳು. ತುಟಿ ಕಾಣದಿದ್ದರೆ ನನಗೆ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದೇ ಹಾಗೆ ಕೂತಳು ಎಂದು ಆಮೇಲೆ ತಿಳಿಯಿತು. ಕರ್ಚಿಕಾಯಿ ಡಬ್ಬಿ ಕೊಟ್ಟೆ, ತೆಗೆದುಕೊಂಡಳು. ಮಕ್ಕಳು ತಿಂದರೋ ಇಲ್ಲವೋ ಬರೆಯಬೇಕಿಲ್ಲ.

ಪಾದ್ರಿಯವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ವಯಸ್ಸಿನಲ್ಲಿ ನನ್ನ ಮಗನಂಥವರು. ರಿಜಿಸ್ಟರ್ ತೆಗೆದು ನೋಡಿ, ನಮ್ಮ ಸಭೆಯ ನಿಯಮದಂತೆ ಅದು ದೀಕ್ಷಾಸ್ನಾನವೇ ಅಲ್ಲಮ್ಮ, ಎಲ್ಲೂ ದಾಖಲೆ ಇಲ್ಲ, ನಿಶ್ಚಿಂತೆಯಿಂದ ಇರಿ ಅಂದರು. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಮನೆಗೆ ಬಂದು ಬಹಳ ಹೊತ್ತು ಅತ್ತೆ. ಅದು ಅಲ್ಲವೆಂದರೆ ಮೂವತ್ತೆರಡು ವರ್ಷ ನನ್ನ ಕೈಯಲ್ಲಿ ಹೋದ ಆ ಕೂಸುಗಳೆಲ್ಲ ಹೆಸರಿಲ್ಲದೆ ಹೋದವೇ?

ಮೈಕಿನ ವಿಷಯ ಕೇಳಿದ್ದೆ, ನೀವು ಬರೆಯಲಿಲ್ಲ. ಇರಲಿ. ಹೊಸ ವರ್ಷ ನಿಮ್ಮ ಮನೆಗೆ ಒಳ್ಳೆಯದಾಗಲಿ.

ಹನ್ನಾ


ಬೀದರ
23 ಫೆಬ್ರವರಿ 2025

ಪ್ರೀತಿಯ ಅಜ್ಜಿಗೆ ಶೈನಿ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ಪತ್ರ ಬರೆಯಿರಿ.

ನಮ್ಮ ಟೀಚರ್ ಪತ್ರಲೇಖನ ಕಲಿಸಿದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ. ಪಪ್ಪಾಗೆ ಹೇಳಿಲ್ಲ, ಅಮ್ಮನ ಬ್ಯಾಗಿನಲ್ಲಿ ಇಡುತ್ತೇನೆ.

ಅಜ್ಜಿ, ಜಿರಾಫೆ ಗಂಟೆಗೋಪುರಕ್ಕಿಂತ ಗಿಡ್ಡ ಇದೆ. ಹೇಳಲು ಆಗಿರಲಿಲ್ಲ.

ತಮ್ಮನನ್ನು ನನ್ನ ಸಾಲೆಗೆ ಹಾಕಲು ಕರೆದುಕೊಂಡು ಹೋಗಿದ್ದರು. ಟೀಚರ್ ನಿನ್ನ ಹೆಸರೇನು ಎಂದು ಕೇಳಿದರು. ಅವನು ಹೇಳಲಿಲ್ಲ. ಚಾಕಲೇಟ್ ಕೊಟ್ಟರೂ ಹೇಳಲಿಲ್ಲ. ಜೂ ನೋಡಿ ಬಂದ ಮೇಲೆ ಅವನು ಯಾರು ಕೇಳಿದರೂ ಹೆಸರು ಹೇಳುವುದಿಲ್ಲ. ನನ್ನ ಮುಖ ನೋಡುತ್ತಾನೆ. ಆಗ ನಾನು ಹೇಳುತ್ತೇನೆ. ಮುಂದಿನ ತಿಂಗಳು ಮತ್ತೆ ಕರೆತನ್ನಿ ಎಂದು ಟೀಚರ್ ಹೇಳಿದರು. ಅಮ್ಮ ಆಟೋದಲ್ಲಿ ಅತ್ತಳು.

ಪಪ್ಪಾ ಕಸದ ಗಾಡಿಯ ಮೈಕ್ ಬಂದರೆ ಊಟ ಬಿಟ್ಟು ಎದ್ದು ಒಳಗೆ ಹೋಗುತ್ತಾರೆ. ಯಾಕೆ ಎಂದು ಕೇಳಿದರೆ ತಲೆನೋವು ಅನ್ನುತ್ತಾರೆ.

ನೀವು ಯಾವಾಗ ಬರುತ್ತೀರಿ? ಹಿರಿಯರಿಗೆ ನಮಸ್ಕಾರಗಳು, ಕಿರಿಯರಿಗೆ ಆಶೀರ್ವಾದಗಳು.

ಇಂತಿ ನಿಮ್ಮ ಮೊಮ್ಮಗಳು,
ಶೈನಿ
3ನೇ ತರಗತಿ


ಭಾಲ್ಕಿ
9 ಮಾರ್ಚ್ 2025

ಮಚ್ಛೇಂದ್ರ ಅವರಿಗೆ,

ರತ್ನದೀಪನಿಗೆ ಸಾಲೆಯಲ್ಲಿ ಹೆಸರು ಹೇಳಲಾಗುತ್ತಿಲ್ಲ ಎಂದು ತಿಳಿಯಿತು. ಯಾರು ಹೇಳಿದರೆಂದು ಕೇಳಬೇಡಿ. ಹೇಳಿದವರನ್ನು ಬೈಯಲೂ ಬೇಡಿ.

ಆ ಕೂಸಿನ ತಲೆಯಲ್ಲಿ ಏನಿದೆ ಎಂದು ನಾನು ಒಂದು ವಾರ ಯೋಚಿಸಿದೆ. ಒಂದು ಹೆಸರು ಹೇಳಿದ್ದಕ್ಕೆ ಅಪ್ಪ ಕೆಂಡವಾದ, ಅವ್ವ ಅತ್ತಳು, ಅಜ್ಜಿ ಬರುವುದು ನಿಂತಿತು. ಈಗ ಇನ್ನೊಂದು ಹೇಳಿದರೆ ಮತ್ತೇನಾಗುತ್ತದೋ ಎಂದು ಬಾಯಿ ಬಿಗಿದುಕೊಂಡಿದ್ದಾನೆ. ದೊಡ್ಡವರು ನಾವು ಅವನ ಬಾಯಿಗೆ ಬೀಗ ಹಾಕಿದ್ದೇವೆ. ಕೀಲಿ ನನ್ನ ಕೈಯಲ್ಲಿದೆ ಎಂದು ನನ್ನ ನಂಬಿಕೆ.

ನನ್ನನ್ನು ಒಂದು ದಿನ ಬೀದರಕ್ಕೆ ಬರಲು ಬಿಡಿ. ಒಂದು ಗಂಟೆ ಸಾಕು. ನಿಮ್ಮೆಲ್ಲರ ಎದುರಿಗೆ ಅವನನ್ನು ಕೂಡಿಸಿಕೊಂಡು ನನ್ನ ಬಾಯಿಂದಲೇ ಹೇಳುತ್ತೇನೆ. ಎಬನೇಜರ ನಿನ್ನ ಹೆಸರಲ್ಲ, ನಿನ್ನ ಅಜ್ಜನದು. ಅಜ್ಜಿ ತಪ್ಪು ಕಲಿಸಿದಳು. ನೀನು ರತ್ನದೀಪ. ಹೀಗೆ ಹೇಳುವುದು ನನಗೆ ಎಷ್ಟು ಕಷ್ಟ ಎಂದು ಬರೆಯುವುದಿಲ್ಲ. ನನ್ನ ಯಜಮಾನರ ಹೆಸರು ಈ ಭೂಮಿಯ ಮೇಲೆ ಇನ್ನು ಗೋರಿಯ ಕಲ್ಲಿನ ಮೇಲೆ ಮಾತ್ರ ಉಳಿಯುತ್ತದೆ, ಉಳಿಯಲಿ. ಮಗುವಿಗಿಂತ ಕಲ್ಲು ಹೆಚ್ಚಲ್ಲ.

ಅದಾದ ಮೇಲೆ ಬರಬೇಡಿ ಎಂದರೆ ಬರುವುದಿಲ್ಲ. ಇಂದು ಸಂಜೆ ಒಬ್ಬಳೇ ಕೂತು ರತ್ನದೀಪ, ರತ್ನದೀಪ ಎಂದು ಹೇಳಿ ನೋಡಿದೆ. ಚೆನ್ನಾಗಿದೆ ಹೆಸರು. ನಿಮ್ಮ ತಾಯಿಯವರಿಗೆ ನಾನು ಇದನ್ನು ಎಂದೋ ಹೇಳಬೇಕಿತ್ತು.

ಹನ್ನಾ


ಬೀದರ
13 ಏಪ್ರಿಲ್ 2025

ಅತ್ತೆಯವರಿಗೆ ಮಚ್ಛೇಂದ್ರನ ಜೈ ಭೀಮ್, ವಂದನೆಗಳು.

ನಿಮ್ಮ ಪತ್ರ ಒಂದು ತಿಂಗಳು ನನ್ನ ಸಾಲೆಯ ಮೇಜಿನ ಖಾನೆಯಲ್ಲಿತ್ತು. ದಿನಾ ಓದುತ್ತಿದ್ದೆ. ನೀವು ಎಲ್ಲವನ್ನೂ ನಿಮ್ಮ ತಲೆಯ ಮೇಲೆ ಹೊತ್ತುಕೊಂಡು ಬರಲು ತಯಾರಾಗಿದ್ದೀರಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ನೀವು ಬಂದು ಮಗುವಿನ ಮುಂದೆ ತಲೆ ತಗ್ಗಿಸುತ್ತಿದ್ದಿರಿ. ನಾನು ಪಕ್ಕದಲ್ಲಿ ನ್ಯಾಯಾಧೀಶನ ಹಾಗೆ ಕೂತು ನೋಡುತ್ತಿದ್ದೆ. ಅದು ನನ್ನಿಂದ ಆಗಲಿಲ್ಲ.

ನೀವು ನವೆಂಬರಿನಲ್ಲಿ ಒಂದು ಮಾತು ಕೇಳಿದ್ದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಂದಿನಿಂದ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ಮೈಕಿನಲ್ಲಿ ಊರನ್ನೂ ಕೂಗಿದರು. ಎಬನೇಜರ, ವಯಸ್ಸು ನಾಲ್ಕು, ನೀಲಿ ಅಂಗಿ, ಊರು ಬೀದರ. ಮೊದಲ ಸಲವೇ ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಅದು ಮಾವನವರ ಹೆಸರೆಂದು ನನಗೆ ಗೊತ್ತಿಲ್ಲವೇ? ಅವನ ನೀಲಿ ಅಂಗಿಯ ಗುಂಡಿಯನ್ನು ಬೆಳಿಗ್ಗೆ ನಾನೇ ಹಾಕಿದ್ದೆ. ನನ್ನ ಮಗ ಸಿಕ್ಕಿದ್ದಾನೆ ಎಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಜೀವಂತ ಇದ್ದಾನೆ, ಯಾರದೋ ಬಳಿ ಸುರಕ್ಷಿತ ಇದ್ದಾನೆ ಎಂದು ತಿಳಿಯಿತು. ಅದು ತಿಳಿದ ಮೇಲೆ ನನಗೆ ಸಿಟ್ಟು ಬಂತು. ನನ್ನ ಬೆನ್ನ ಹಿಂದೆ ಇಡೀ ಮನೆ ಸೇರಿ ನನ್ನ ಮಗನನ್ನು ಬದಲಿಸಿದೆ ಎನ್ನಿಸಿತು. ಆ ಹೆಸರಿಗೆ ಓಗೊಟ್ಟು ಹೋದರೆ ಅದನ್ನು ಒಪ್ಪಿದಂತೆ ಎನ್ನಿಸಿತು. ರತ್ನದೀಪ ಎಂದು ಕೂಗಲಿ, ಆಗ ಹೋಗುತ್ತೇನೆ ಎಂದುಕೊಂಡೆ. ಆನೆಗಳ ಕಟ್ಟೆಯ ಮೇಲೆ ಕೂತುಬಿಟ್ಟೆ.

ಇಪ್ಪತ್ತೈದು ನಿಮಿಷ ಕೂತಿದ್ದೆ. ಎರಡನೆಯ ಸಲ ಕೂಗಿದಾಗಲೂ ಏಳಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಅವನು ಕಳೆದಿದ್ದ ಎಂದು ನಿಮಗೆ ಬರೆದೆನಲ್ಲ, ಅದರಲ್ಲಿ ಇಪ್ಪತ್ತೈದು ನಿಮಿಷ ಅವನು ಕಳೆದಿರಲಿಲ್ಲ. ಅವನ ಅಪ್ಪ ಬಂದಿರಲಿಲ್ಲ, ಅಷ್ಟೇ. ಖುರ್ಷಿದ ಬೇಗಂ ಶರೋನಳಿಗೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಮೊದಲು ಹುಡುಗ ಅಳುತ್ತಿರಲಿಲ್ಲವಂತೆ, ಮೈಕಿನಲ್ಲಿ ಹೆಸರು ಕೂಗಿದ್ದಾರೆ, ಈಗ ಪಪ್ಪಾ ಬರುತ್ತಾರೆ ಎಂದು ಬಾಗಿಲು ನೋಡುತ್ತಿದ್ದನಂತೆ. ಕೂಗಿದ ಮೇಲೂ ಯಾರೂ ಬಾರದಿದ್ದಾಗ ಅಳಲು ಶುರು ಮಾಡಿದನಂತೆ.

ಇದನ್ನು ನಿನ್ನೆ ಶರೋನಳಿಗೆ ಹೇಳಿದೆ. ಡ್ಯೂಟಿಗೆ ಹೋದಳು, ಬಂದಳು, ರೊಟ್ಟಿ ಬಡಿದಳು. ಇನ್ನೂ ಮಾತಾಡಿಲ್ಲ.

ಇಂದು ಮಧ್ಯಾಹ್ನದ್ದು ಬರೆಯುತ್ತೇನೆ. ಮಗ ಅಂಗಳದಲ್ಲಿ ಒಬ್ಬನೇ ಆಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು, ಎಷ್ಟೋ ದಿನದಿಂದ ಧೈರ್ಯ ಮಾಡಿಕೊಂಡು, "ಎಬನೇಜರ" ಎಂದು ಕರೆದೆ. ಆ ಹೆಸರಿಗೂ ಅಪ್ಪ ಬರುತ್ತಾನೆ ಎಂದು ಅವನಿಗೆ ತೋರಿಸಬೇಕಿತ್ತು. ಅವನು ನಗುತ್ತಾನೆ ಎಂದುಕೊಂಡಿದ್ದೆ. ಕೈಯಲ್ಲಿದ್ದದ್ದು ಬಿಟ್ಟು ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು. ಅತ್ತಿತ್ತ ನೋಡಿ, ಮನೆಯನ್ನು ನೋಡಿ, ನನ್ನನ್ನು ನೋಡಿ ಕೇಳಿದ:

"ಪಪ್ಪಾ, ನಾ ಮತ್ತ ಕಳದು ಹೋಗೀನೇನು?"

ಇಲ್ಲ ಎಂದೆ. ಅವನು ನಂಬಲಿಲ್ಲ. ಅಂದು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ, ಕೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಈಸ್ಟರ್ ಹಬ್ಬ ಮುಗಿದ ಮೇಲಿನ ರವಿವಾರ ಬನ್ನಿ. ತಪ್ಪು ಒಪ್ಪಿಕೊಳ್ಳಲು ನೀವೊಬ್ಬರೇ ಬರಬೇಡಿ, ಮೊದಲು ನಾನು ಒಪ್ಪಿಕೊಳ್ಳಬೇಕು. ಅವನನ್ನು ಏನೆಂದು ಕರೆಯಬೇಕೆಂದು ಆಮೇಲೆ ಅವನನ್ನೇ ಕೇಳೋಣ. ಉತ್ತರ ಕೊಡದಿದ್ದರೆ ಕಾಯೋಣ. ಅವ್ವನನ್ನೂ ಔರಾದಿನಿಂದ ಕರೆಸಿದ್ದೇನೆ. ಟ್ರಂಕಿನಲ್ಲಿರುವ ಆ ಕಾಗದ ತರಬೇಡಿ.

ಮಧ್ಯಾಹ್ನದಿಂದ ಅವನು ನನ್ನ ಅಂಗಿಯ ಚುಂಗು ಹಿಡಿದುಕೊಂಡಿದ್ದಾನೆ. ಊಟಕ್ಕೆ ಕೂತಾಗಲೂ ಹಿಡಿದಿದ್ದ. ಈಗ ಹಾಗೆಯೇ ನಿದ್ದೆ ಹೋಗಿದ್ದಾನೆ. ಈ ಪತ್ರವನ್ನು ಅಂಚೆಯ ಡಬ್ಬಿಗೆ ಹಾಕಲು ಏಳಬೇಕು. ಅವನ ಕೈ ಬಿಡಿಸಲು ನನ್ನಿಂದ ಆಗುತ್ತಿಲ್ಲ.

ನಿಮ್ಮ ಅಳಿಯ,
ಮಚ್ಛೇಂದ್ರ